ಐದನೆಯ ಮಾತು ಕೈತಪ್ಪಿದ ವರ್ಷ

ಹೋದ ವಾರ ಬಸವಕಲ್ಯಾಣದ ಬಸ್ ನಿಲ್ದಾಣದ ಹತ್ತಿರ ಒಂದು ಬಟ್ಟೆ ಅಂಗಡಿಗೆ ಬ್ಯಾನರ್ ಕಟ್ಟಲು ಹೋಗಿದ್ದೆ. ಬಿಸಿಲಲ್ಲಿ ಸುರುಳಿ ಬಿಚ್ಚುತ್ತಿದ್ದಂತೆ ಹೊಸ ಫ್ಲೆಕ್ಸಿನ ಮಸಿಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಹುಮನಾಬಾದಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡು ಎಷ್ಟೋ ವರ್ಷವಾಯಿತು, ಈ ವಾಸನೆ ನನಗೆ ಹೊಸದೇನಲ್ಲ. ಆದರೆ ಅಲ್ಲಿಂದ ಎರಡು ಓಣಿ ದಾಟಿದರೆ ನಮ್ಮೂರಿಂದ ಮತ್ತೆ ಇಲ್ಲಿಗೇ ತಿರುಗಿ ಬಂದಿರುವ ಎಸ್ತೇರಳ ಮನೆ ಅಂತ ನೆನಪಾಯಿತು. ಕೈಯಲ್ಲಿದ್ದ ಹಗ್ಗ ಹಾಗೇ ನಿಂತಿತು. ಐದು ವರ್ಷದ ಹಿಂದಿನ ಆ ಬೇಸಿಗೆ, ಅವಳು ನಮ್ಮೂರ ಚರ್ಚಿಗೆ ಬಂದ ಬೇಸಿಗೆ, ಪೂರ್ತಿಯಾಗಿ ಎದ್ದು ಕೂತಿತು.

ನೇರವಾಗಿ ಹೇಳಿಬಿಡುತ್ತೇನೆ, ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ಊಟ ರುಚಿಸದಂಥ ಹೊಟ್ಟೆಕಿಚ್ಚು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಮನೆಯಲ್ಲಿ ಕೂತು ರವಿಕೆ ಹೊಲಿಯುವವಳು, ಕಂಡಕ್ಟರ್ ಗಂಡನಿಗೆ ವರ್ಗವಾಯಿತೆಂದು ಬಸವಕಲ್ಯಾಣದಿಂದ ಹುಮನಾಬಾದಿಗೆ ಬಂದವಳು. ಅಂಥವಳು ನಲವತ್ತೇ ದಿನದಲ್ಲಿ ನನ್ನ ಜಾಗ ತೆಗೆದುಕೊಂಡಳು. ಜಾಗ ಅಂದರೆ ಕುರ್ಚಿಯಲ್ಲ, ಒಂದು ಮಾತು.

ನಮ್ಮ ಚರ್ಚಿನಲ್ಲಿ ಗುಡ್ ಫ್ರೈಡೆಯ ದಿನ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಆರಾಧನೆ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ ಏಳು ಜನ ಪ್ರಸಂಗ ಮಾಡುತ್ತಾರೆ. ಯಾರಿಗೆ ಯಾವ ಮಾತು ಎಂದು ಪಾಸ್ಟರ್ ಮೊದಲೇ ಹೆಸರು ಓದುತ್ತಾರೆ. ಐದನೆಯದು "ನನಗೆ ನೀರಡಿಕೆಯಾಗಿದೆ" ಎಂಬ ಬಾಯಾರಿಕೆಯ ಮಾತು. ಅದು ನಮ್ಮಪ್ಪನದಾಗಿತ್ತು, ಅಪ್ಪ ಹೋದ ಮೇಲೆ ಹನ್ನೊಂದು ವರ್ಷ ನನ್ನದಾಗಿತ್ತು. ಬೀದರ್ ಸೀಮೆಯ ಬಿಸಿಲಲ್ಲಿ, ಮುಂಜಾನೆಯಿಂದ ಹನಿ ನೀರು ಮುಟ್ಟದೆ ಕೂತ ಜನಕ್ಕೆ, ಸರಿಯಾಗಿ ಎರಡು ಗಂಟೆಗೆ ಬಾಯಾರಿಕೆಯ ಬಗ್ಗೆ ಹೇಳಿದರೆ ಹ್ಯಾಗಿರುತ್ತದೆ ಯೋಚಿಸಿ. ಅರ್ಧ ಕೆಲಸ ಸೂರ್ಯನೇ ಮಾಡಿಕೊಡುತ್ತಾನೆ. ಉಳಿದರ್ಧ ನಾನು ಮಾಡುತ್ತಿದ್ದೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಉಗುಳು ನುಂಗಬೇಕು, ಎಲ್ಲ ಲೆಕ್ಕ ನನಗೆ ಗೊತ್ತಿತ್ತು. ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತಿದ್ದರು. ಮರುದಿನ ಬಜಾರಿನಲ್ಲಿ ಯಾರಾದರೂ ಸಿಕ್ಕು, "ಪ್ರಭಣ್ಣ, ನೀ ಹೇಳೋ ಹೊತ್ತಿಗೆ ನಾಲಿಗೆ ಒಣಗಿ ಹೋಗಿತ್ತ್ ನೋಡಪಾ" ಅನ್ನುತ್ತಿದ್ದರು. ವರ್ಷವಿಡೀ ಆ ಮಾತಿನಲ್ಲೇ ನಾನು ಬದುಕುತ್ತಿದ್ದೆ.

ಗುಡ್ ಫ್ರೈಡೆಗೆ ಮುಂಚಿನ ನಲವತ್ತು ದಿನಕ್ಕೆ ನಾವು ಶ್ರಮೆಯ ದಿನಗಳು ಅನ್ನುತ್ತೇವೆ. ದಿನಾ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಢೋಲಕ್ ಹಿಡಿದು ಹಾಡು, ಆಮೇಲೆ ಒಬ್ಬರು ಬೈಬಲಿನ ವಾಕ್ಯ ಬಿಡಿಸಿ ಹೇಳುವುದು, ಕೊನೆಗೆ ಚಹಾ. ಆ ವರ್ಷ ಶ್ರಮೆಯ ದಿನಗಳು ಶುರುವಾದಾಗ ತೊಗರಿ ಮನೆ ಸೇರಿತ್ತು, ಹೊಲದಲ್ಲಿ ಬಿಳಿಜೋಳದ ರಾಶಿ ನಡೆದಿತ್ತು. ಜೋಳದ ದೂಳು ತಲೆಗೂದಲಲ್ಲೇ ಇಟ್ಟುಕೊಂಡು ಜನ ಪ್ರಾರ್ಥನೆಗೆ ಬಂದು ಕೂಡುತ್ತಿದ್ದರು.

ಈ ಕೂಟಗಳಲ್ಲಿ ನನ್ನದೊಂದು ಹೆಸರಾದ ಪ್ರಸಂಗವಿತ್ತು, ವಿಗ್ರಹಾರಾಧನೆಯ ಮೇಲೆ. ಕಟ್ಟಿಗೆಗೆ ಕಣ್ಣಿದ್ದರೆ ಕಾಣುತ್ತದೆಯೇ, ಕಲ್ಲಿಗೆ ಕಿವಿಯಿದ್ದರೆ ಕೇಳುತ್ತದೆಯೇ ಎಂದು ಒಂದೊಂದೇ ಪ್ರಶ್ನೆ ಎತ್ತಿ, ಎದುರು ಕೂತವರ ಬಾಯಿಂದಲೇ "ಇಲ್ಲ, ಇಲ್ಲ" ಅನ್ನಿಸುತ್ತಿದ್ದೆ. ಅನ್ನುವುದು ಅವರಿಗೂ ಸುಲಭ. ಯಾಕೆಂದರೆ ಅಲ್ಲಿ ಕೂತವರ ಯಾರ ಮನೆಯಲ್ಲೂ ಕಲ್ಲೂ ಇರಲಿಲ್ಲ, ಕಟ್ಟಿಗೆಯೂ ಇರಲಿಲ್ಲ. ಬೇರೆಯವರ ಪಾಪದ ಬಗ್ಗೆ ಕೇಳಿ, ಹಗುರಾಗಿ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ಇದು ಈಗ ಹೊಳೆದದ್ದು. ಆಗ ಮಾತ್ರ ನನ್ನಂಥ ಪ್ರಸಂಗಿ ಈ ತಾಲೂಕಿನಲ್ಲೇ ಇಲ್ಲ ಅಂದುಕೊಂಡಿದ್ದೆ.

ನಾಲ್ಕನೆಯ ದಿನವೋ ಐದನೆಯ ದಿನವೋ, ವಾಕ್ಯ ಹೇಳಬೇಕಾದವರು ಊರಲ್ಲಿರಲಿಲ್ಲ. ಪಾಸ್ಟರ್ ಸುತ್ತ ನೋಡಿ, ಬಾಗಿಲ ಹತ್ತಿರ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಎಸ್ತೇರಳಿಗೆ ಹೇಳಿದರು. ಅವಳು ಎದ್ದು ನಿಂತಳು. ಕೈಯಲ್ಲಿ ಬೈಬಲಿನ ಜೊತೆ ಮೊಬೈಲೂ ಇತ್ತು.

"ನಾ ಹೊಸಬಾಕಿ ಇದ್ದೀನ್ರಿ, ತಪ್ಪಾದ್ರ ಮಾಫ್ ಮಾಡ್ರಿ," ಅಂದಳು. "ಮಂದಿ ಗುಡಿಯಾಗ ಏನದ, ದರ್ಗಾದಾಗ ಏನದ, ಅದು ನಮಗ ಬ್ಯಾಡ್ರಿ. ಅವರು ನಮ್ಮ ಬಾಜೂ ಮನಿಯವರು, ಕಷ್ಟ ಬಂದ್ರ ಓಡಿ ಬರೋರು. ನಮ್ಮ ಮನ್ಯಾಗಿನ ಮೂರ್ತಿ ಮೊದಲ ಎಣಸೋಣು. ನಂದು ನಾನೇ ಹೇಳ್ತೀನಿ." ಮೊಬೈಲ್ ಎತ್ತಿ ತೋರಿಸಿದಳು. "ಇದು ನನ್ನ ಮೂರ್ತಿ ಇತ್ತು. ಎದ್ದ ಕೂಡ್ಲೆ ಇದರ ಮಾರಿ ನೋಡ್ತಿದ್ದೆ. ಒಂದಿನ ಈ ಕೂಸಿಗೆ ಜ್ವರ ಬಂದು ಮೈ ಸುಡಾಕತ್ತಿತ್ತು. ನಾ ಬಾಜೂಕ ಕುಂತು ರೀಲ್ಸ್ ನೋಡಾಕತ್ತಿದ್ದೆ. 'ಅವ್ವಾ' ಅಂತು. 'ತಡಿ' ಅಂದೆ. ಮತ್ತ 'ಅವ್ವಾ' ಅಂತು. ಮತ್ತ 'ತಡಿ' ಅಂದೆ. ಮೂರನೇ ಸಲ ಅನ್ನಲಿಲ್ರಿ. ಫಿಟ್ಸ್ ಬಂದಿತ್ತು."

ಅವಳು ಬಗ್ಗಿ ಮಗಳ ತಲೆ ನೇವರಿಸಿದಳು.

"ಈಗ ಆರಾಮ ಅದಾಳ್ರಿ. ಆದರ ಅವತ್ತಿನಿಂದ ನನಗ ನಿದ್ದಿ ಸರಿ ಇಲ್ಲ. ಆಕಿ ಉಸಿರು ನೋಡ್ಕೋತ ಕೂಡ್ತೀನಿ. ಇಷ್ಟ ನನ್ನ ಸಾಕ್ಷಿ." ತನ್ನ ಬದುಕಿನದನ್ನೇ ಹೀಗೆ ಸಾಕ್ಷಿಯಾಗಿ ಹೇಳಿ ಕೂತುಬಿಟ್ಟಳು. ಐದು ನಿಮಿಷವೂ ಆಗಿರಲಿಲ್ಲ. ನನಗೆ ಅಳು ಬಂತು. ಅಳು ಬಂದದ್ದಕ್ಕೇ ಸಿಟ್ಟು ಬಂತು.

ಮರುದಿನದಿಂದ ಜನ ಕೇಳತೊಡಗಿದರು, ಇವತ್ತು ಎಸ್ತೇರ ಹೇಳ್ತಾಳೇನು ಎಂದು. ಅವಳು ಹೇಳಿದಳು. ಉಡುಗೊರೆ ಎಂಬ ಹೆಸರಿನಲ್ಲಿ ಕೇಳುವ ವರದಕ್ಷಿಣೆಯ ಬಗ್ಗೆ ಹೇಳಿದಳು. ದೀಕ್ಷಾಸ್ನಾನದ ಊಟ ಮುಗಿಸಿ ಹಿತ್ತಲಲ್ಲಿ ಬಾಟಲಿ ತೆಗೆಯುವವರ ಬಗ್ಗೆ, ಹುಟ್ಟುಹಬ್ಬಕ್ಕೆ ತಲ್ವಾರಿನಿಂದ ಕೇಕ್ ಕತ್ತರಿಸಿ ವಿಡಿಯೊ ಬಿಡುವ ಹುಡುಗರ ಬಗ್ಗೆ ಹೇಳಿದಳು. ಬೈಯುತ್ತಿರಲಿಲ್ಲ. ಪ್ರತಿ ಸಲವೂ ಮೊದಲು ತನ್ನದೊಂದು ತಪ್ಪು ಹೇಳಿ, ಆಮೇಲೆ ನಮ್ಮ ಕಡೆ ನೋಡುತ್ತಿದ್ದಳು. ಮದುವೆ ಗೊತ್ತಾಗಿದ್ದ ಒಂದು ಮನೆಯವರು ತಾವು ಕೇಳಿದ್ದ ಬೈಕು ಬೇಡವೆಂದು ಬೀಗರಿಗೆ ಹೇಳಿ ಕಳಿಸಿದರು. ಹತ್ತಿರದ ಮನ್ನಾಏಖೇಳ್ಳಿಯ ಚರ್ಚಿನ ಸಭೆಯವರು ಗಾಡಿ ಮಾಡಿಕೊಂಡು ಬಂದು ಅವಳನ್ನು ಕರೆದುಕೊಂಡು ಹೋದರು. ನನ್ನನ್ನು ಅವರು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕರೆದಿರಲಿಲ್ಲ.

ಎಲ್ಲಕ್ಕಿಂತ ಉರಿದದ್ದು ನನ್ನ ಮನೆಯಲ್ಲೇ. ಟಿವಿ ಧಾರಾವಾಹಿ ಬಿಡು ಎಂದು ಹೆಂಡತಿ ಕಮಲಾಳಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು. ಒಂದು ಸಂಜೆ ಅಂಗಡಿಯಿಂದ ಬಂದರೆ ಟಿವಿಯ ಮೇಲೆ ಟವೆಲ್ ಹೊದಿಸಿದೆ.

"ಏನಾತು, ಕೆಟ್ಟದೇನು?" ಅಂದೆ.

"ಇಲ್ರಿ. ಈಸ್ಟರ್ ತನಕ ಬಂದ್. ಎಸ್ತೇರ ಹೇಳ್ಯಾಳಲ್ಲ."

"ನಾ ಹೇಳಿದಾಗ?"

"ನೀವು ಹೇಳ್ತಿದ್ರಿ," ಅಂದಳು ಕಮಲಾ, ರೊಟ್ಟಿ ತಟ್ಟುತ್ತಾ. "ಆಕಿ ತನ್ನ ರೀಲ್ಸ್ ಬಿಟ್ಟು ತೋರಿಸ್ಯಾಳ."

ಸರಿ, ಎಸ್ತೇರಳ ದಾರಿಯಲ್ಲೇ ಹೋಗಿ ಅವಳನ್ನು ಸೋಲಿಸಬೇಕು ಅಂದುಕೊಂಡೆ. ನನ್ನ ಸರದಿ ಬಂದಾಗ ಎದ್ದು ನಿಂತು, "ಇವತ್ತು ನನ್ನ ವಿಗ್ರಹದ ಹೆಸರು ಹೇಳುತ್ತೇನೆ" ಅಂದೆ. ಎಲ್ಲರೂ ತಲೆ ಎತ್ತಿದರು. ಖರೇ ಪಾಪ ಹೇಳಲು ಧೈರ್ಯವಾಗಲಿಲ್ಲ. ನಾಲಿಗೆಗೆ ಬಂದದ್ದು ಚಹಾ. "ದಿನಕ್ಕೆ ಎಂಟು ಕಪ್ ಕುಡಿಯುತ್ತೇನೆ, ಚಹಾ ನನ್ನ ದೇವರಾಗಿಬಿಟ್ಟಿದೆ" ಎಂದು ದನಿ ನಡುಗಿಸಿ ಹೇಳಿದೆ. ಮಕ್ಕಳು ಕಿಸಕ್ಕನೆ ನಕ್ಕರು. ಪ್ರಾರ್ಥನೆ ಮುಗಿದು ಚಹಾ ಬಂತು. ಮನೆಯೊಡತಿ ಎಲ್ಲರಿಗೂ ಕೊಟ್ಟು, ನನ್ನ ಮುಂದೆ ತಾಟು ತಂದು ಭಕ್ತಿಯಿಂದ ಹಿಂದಕ್ಕೆ ಎಳೆದುಕೊಂಡಳು. "ನಿಮಗ ಬ್ಯಾಡ್ರಿ ಅಣ್ಣಾರ, ನಿಮ್ಮ ಹರಕಿ ಮುರಿಯೋದು ಬ್ಯಾಡ." ಆ ದಿನ ಒಂದೇ ಅಲ್ಲ, ಶ್ರಮೆಯ ದಿನಗಳು ಮುಗಿಯುವ ತನಕ ಯಾವ ಮನೆಯಲ್ಲೂ ನನಗೆ ಚಹಾ ಸಿಗಲಿಲ್ಲ. ಸುತ್ತ ಎಲ್ಲರೂ ಸೊರ್ ಸೊರ್ ಎಂದು ಕುಡಿಯುವಾಗ ನಾನು ತಂಬಿಗೆ ನೀರು ಹಿಡಿದು ಕೂಡುತ್ತಿದ್ದೆ. ಎಸ್ತೇರ ಮಾತ್ರ ನನ್ನನ್ನು ನೋಡಿ ತಾನೂ ಚಹಾ ಬಿಟ್ಟು ನೀರು ಕುಡಿಯತೊಡಗಿದಳು. ಅದಕ್ಕೂ ಜನ ಅವಳನ್ನೇ ಹೊಗಳಿದರು.

ಗುಡ್ ಫ್ರೈಡೆಯ ಹಿಂದಿನ ಗರಿಗಳ ಭಾನುವಾರಕ್ಕೆ ಒಂದು ವಾರ ಮುಂಚೆ ಪಾಸ್ಟರ್ ಏಳು ಮಾತುಗಳ ಪಟ್ಟಿ ಓದಿದರು. ನಾನು ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ನಾಲ್ಕನೆಯ ಹೆಸರಾಯಿತು. "ಐದನೇ ಮಾತು, ಸಹೋದರಿ ಎಸ್ತೇರ." ಪಾಸ್ಟರ್ ತಪ್ಪಿ ಓದಿದರೇನೋ ಅಂದುಕೊಂಡೆ. ಆರು, ಏಳೂ ಆಯಿತು. ಕೊನೆಗೆ ಓದಿದರು, "ಕಾಣಿಕೆಯ ಪ್ರಾರ್ಥನೆ, ಪ್ರಭಾಕರಣ್ಣ." ಹೊರಗೆ ಬಂದ ಮೇಲೆ ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಹೊಸಬರಿಗೂ ಒಂದ್ ಅವಕಾಶ ಕೊಡಬೇಕಲ್ರಿ, ಪ್ರಭಣ್ಣಾರ. ನೀವು ದೊಡ್ಡವರು." "ಖಂಡಿತ ಕೊಡಬೇಕ್ರಿ" ಎಂದು ನಕ್ಕೆ. ಎರಡು ದಿನ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ.

ಪ್ರತಿ ವರ್ಷ ಗುಡ್ ಫ್ರೈಡೆಯ ಬ್ಯಾನರ್ ಮಾಡುವುದು ನನ್ನ ಅಂಗಡಿಯೇ. ಶಿಲುಬೆಯ ಚಿತ್ರ, ಹೊತ್ತು, ಕೆಳಗೆ ಏಳು ಜನರ ಹೆಸರು. ಆ ಸಲ ಕಂಪ್ಯೂಟರ್ ಮುಂದೆ ಕೂತಾಗ ಕೆಟ್ಟ ಬುದ್ಧಿ ಬಂತು. ಮಹಿಳಾ ಕೂಟದ ಫೋಟೊ ಒಂದರಿಂದ ಎಸ್ತೇರಳ ಮುಖ ತೆಗೆದು ನಡುವೆ ಹಾಕಿದೆ. ಶಿಲುಬೆಯನ್ನು ಮೂಲೆಗೆ ಸರಿಸಿದೆ. ಮುಖದ ಕೆಳಗೆ ದಪ್ಪ ಅಕ್ಷರದಲ್ಲಿ "ಉಜ್ಜೀವನದ ಜ್ವಾಲೆ ಸಹೋದರಿ ಎಸ್ತೇರ" ಎಂದು ಬರೆದೆ. ಲೀಡರುಗಳ ಬ್ಯಾನರ್ ಮಾಡಿ ಮಾಡಿ ಈ ಕೆಲಸ ನನಗೆ ನೀರು ಕುಡಿದಷ್ಟು ಸಲೀಸು. ನನ್ನ ಲೆಕ್ಕ ಸರಳವಾಗಿತ್ತು. ಊರಿಗೆಲ್ಲ ವಿಗ್ರಹದ ಬಗ್ಗೆ ಹೇಳಿದವಳು ತನ್ನದೇ ಮೂರ್ತಿ ನಿಲ್ಲಿಸಿಕೊಂಡಳು ಎಂದು ಜನ ಆಡಿಕೊಳ್ಳಬೇಕು. ಐದನೆಯ ಮಾತು ಹೇಳಲು ನಿಂತಾಗ ಅವಳ ತಲೆ ತಗ್ಗಬೇಕು.

ಮುಖ ಚೆನ್ನಾಗಿ ಬಂದಷ್ಟೂ ಅವಳ ಸೊಕ್ಕು ಹೆಚ್ಚು ಕಾಣುತ್ತದೆ ಎಂದು ಎರಡು ದಿನ ಅದರ ಮೇಲೆಯೇ ಕೆಲಸ ಮಾಡಿದೆ. ಹಣೆಯ ಮೇಲಿನ ಬೆವರು ಒರೆಸಿದೆ. ಹಾರಾಡುವ ಕೂದಲು ಒಂದೊಂದೇ ಕೂರಿಸಿದೆ. ಕಣ್ಣಿನ ಕೆಳಗಿನ ಕಪ್ಪು ಅಳಿಸಿ, ಕೆನ್ನೆಗೆ ಬಣ್ಣ ಕೊಟ್ಟೆ. ಗುರುವಾರ ಮಧ್ಯಾಹ್ನ ಒಯ್ದು ಚರ್ಚಿನ ಗೇಟಿಗೆ ಕಟ್ಟಿದೆ. ಪಾಸ್ಟರ್ ಹಳ್ಳಿಗಳ ಭೇಟಿಗೆ ಹೋಗಿದ್ದರು, ಕೇಳುವವರು ಯಾರೂ ಇರಲಿಲ್ಲ.

ಆದರೆ ಯಾರೂ ಆಡಿಕೊಳ್ಳಲಿಲ್ಲ. ಎದುರಿನ ಚಹಾದಂಗಡಿಯ ಮಾಮು ಬಂದು, "ಕ್ಯಾ ಬಾತ್, ಪ್ರಭು ಭಾಯ್! ಭಾಳ ಜೋರ್ ಆಗ್ಯಾದ" ಅಂದ. ಹುಡುಗಿಯರು ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಆಮೇಲೆ ಗಂಗಮ್ಮಾಯಿ ಬಂದಳು, ನಮ್ಮ ಸಭೆಯಲ್ಲೇ ಹಿರಿಯ ಮುದುಕಿ. ಅವಳ ಕುಡುಕ ಮಗ ಎಸ್ತೇರಳ ಮಾತು ಕೇಳಿ ಬಾಟಲಿ ಬಿಟ್ಟಿದ್ದ. ಮುದುಕಿ ಬ್ಯಾನರಿನ ತುದಿ ಮುಟ್ಟಿ, ಆ ಕೈ ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಕೈ ಮುಗಿದು ನಿಂತಳು.

ಅಷ್ಟರಲ್ಲಿ ಮಗಳ ಕೈ ಹಿಡಿದು ಎಸ್ತೇರ ಬಂದಳು. ಮುದುಕಿಯನ್ನು ನೋಡಿದಳು, ಬ್ಯಾನರ್ ನೋಡಿದಳು. ಅವಳ ಮುಖದಲ್ಲಿ ಒಂದಿಷ್ಟು ಹೆಮ್ಮೆ ಕಂಡೀತೇನೋ ಎಂದು ನಾನು ಕಣ್ಣು ಮಿಟುಕಿಸದೆ ಕಾದೆ.

"ಅಣ್ಣಾರ, ಇದು ನೀವು ಮಾಡಿದ್ದೇನ್ರಿ?"

"ಹೂಂ. ನಿಮ್ಮ ಮ್ಯಾಲಿನ ಪ್ರೀತಿಲೆ," ಎಂದು ಸುಳ್ಳು ಹೇಳಿದೆ.

ಅವಳು ಹತ್ತಿರ ಹೋಗಿ ನೋಡಿದಳು. "ನನ್ನ ಕಣ್ಣ ಕೆಳಗ ಕಪ್ಪ ಇತ್ತಲ್ರಿ. ಅದೆಲ್ಲಿ ಹೋತು?"

"ಚಂದ ಕಾಣ್ಲಿ ಅಂತ ತೆಗದೆ."

"ಅದು ಈ ಕೂಸಿನ ಬಾಜೂ ಕುಂತು ಬಂದದ್ರಿ, ಅಣ್ಣಾರ. ಅದ ನನ್ನ ಸಾಕ್ಷಿ. ಅದನ್ನ ತೆಗದ್ರ ಇದು ಯಾರ್ ಮಾರಿ?" ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. "ಇಳಸ್ರಿ ಇದನ್ನ. ಗಂಗಮ್ಮಾಯಿ ಕೈ ಮುಗಿಯಾಕತ್ತಾಳ, ನನಗ ಅಂಜಿಕಿ ಬರ್ತದ."

ನಿಚ್ಚಣಿಕೆ ಹಾಕಿದೆ. ಅದು ಅಲುಗದಂತೆ ಅವಳೇ ಹಿಡಿದು ನಿಂತಳು. ಗಂಗಮ್ಮಾಯಿ ಕೆಳಗಿನಿಂದ ನನ್ನನ್ನೇ ಬೈಯತೊಡಗಿದಳು. "ಮೊದಲ ಈ ಹುಡುಗಿಗೆ ನಿನ್ನ ಮಾತು ಹೋತಂತ ಹೊಟ್ಟಿ ಉರಕೊಂಡಿ. ಈಗ ಆಕಿ ಫೋಟೋನೂ ಇಳಸ್ತಿ. ನಾಚಿಕಿ ಬ್ಯಾಡೇನೋ ನಿನಗ?" ಮುದುಕಿಗೆ ಅರ್ಧ ವಿಷಯ ತಪ್ಪು, ಅರ್ಧ ವಿಷಯ ಸರಿಯಾಗಿ ಗೊತ್ತಿತ್ತು. ಎಸ್ತೇರ ತಲೆಯೆತ್ತಿ ನನ್ನನ್ನು ನೋಡಿದಳು. "ಐದನೇ ಮಾತು ನಿಮ್ಮದಿತ್ತೇನ್ರಿ, ಅಣ್ಣಾರ?" ನಾನು ಹಗ್ಗ ಕೊಯ್ದೆ.

ಆ ಸಂಜೆ ಪಾಸ್ಟರ್ ಫೋನ್ ಮಾಡಿದರು. "ನಾಳೆ ಐದನೇ ಮಾತು ನೀವೇ ಹೇಳ್ರಿ, ಪ್ರಭಣ್ಣಾರ. ಅದು ನಿಮ್ಮ ಅಪ್ಪಾರ ಕಾಲದ್ದಂತ ಆಕಿಗೆ ಗೊತ್ತಿರಲಿಲ್ಲಂತ. ಕಾಣಿಕಿ ಪ್ರಾರ್ಥನಾ ನಾ ಮಾಡ್ತೀನಿ ಅಂತಾಳ." ಬೇಡ ಎನ್ನಬೇಕಿತ್ತು. ಬಾಯಿಂದ ಬಂದದ್ದು "ಆಗ್ಲಿರಿ" ಎಂದು. ಕಸಿದುಕೊಂಡದ್ದನ್ನು ಎಷ್ಟು ಸಲೀಸಾಗಿ ತಿರುಗಿ ಕೊಟ್ಟಳಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು. ನಾನಾಗಿದ್ದರೆ ಸತ್ತರೂ ಕೊಡುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನುಗಳು ನಿಂತವು. ಜನ ಹಾಡಿನ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಎರಡು ಗಂಟೆಗೆ ನನ್ನ ಹೆಸರು ಕರೆದರು. ನಾನು ಎಂದೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ದನಿ ಬೇಕಾದಲ್ಲಿ ಇಳಿಯಿತು, ಬೇಕಾದಲ್ಲಿ ಒಡೆಯಿತು. ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಬೆಳಿಗ್ಗೆ ತನಕ ನನ್ನ ಮೇಲೆ ಮುನಿದಿದ್ದ ಗಂಗಮ್ಮಾಯಿ ಕೂಡ ಮೂಗು ಒರೆಸಿಕೊಂಡಳು.

ಮೂರು ಗಂಟೆಗೆ ಆರಾಧನೆ ಬಿಟ್ಟು, ಉಪವಾಸ ಬಿಡಲು ಅಂಗಳದಲ್ಲಿ ನಿಂಬೆ ಶರಬತ್ತು ಕೊಡುತ್ತಿದ್ದರು. ಕೊಡುತ್ತಿದ್ದವಳು ಎಸ್ತೇರ. ಜನ ನನ್ನ ಸುತ್ತ ನಿಂತು ಹೊಗಳಿದರು, ಯಾರು ಏನಂದರೋ ಈಗ ಒಂದೂ ನೆನಪಿಲ್ಲ. ನಾನು ಅವರನ್ನು ಸರಿಸಿಕೊಂಡು ಅವಳ ಹತ್ತಿರ ಹೋದೆ.

"ಹ್ಯಾಂಗಾತು?" ಅಂದೆ. ಶಾಲೆಯ ಮಗು ಕೇಳಿದ ಹಾಗೆ ಕೇಳಿದೆ.

ಅವಳು ಗ್ಲಾಸು ತುಂಬಿ ಕೈಗೆ ಕೊಟ್ಟಳು. "ಖರೇ ಹೇಳ್ಲೇನ್ರಿ, ಅಣ್ಣಾರ?"

"ಹೇಳು."

"ಭಾಳ ಚಲೋ ಹೇಳಿದ್ರಿ. ಆದರ ಅಷ್ಟು ಮಂದಿ ಕುಂತಿದ್ರು. ನೀವು ಶುರು ಮಾಡಿದ್ದಿಂದ ಮುಗಸೋ ತನ ನನ್ನೊಬ್ಬಾಕಿ ಮಾರಿ ನೋಡ್ಕೋತನೇ ಹೇಳಿದ್ರಿ. ನನ್ನಿಂದ ಇನ್ನೇನರ ತಪ್ಪಾಗ್ಯಾದೇನಂತ ನಾ ಅಂಜಿ ಕುಂತಿದ್ದೆ."

ಅಷ್ಟು ಹೇಳಿ ಮುಂದಿನವರಿಗೆ ಗ್ಲಾಸು ತುಂಬತೊಡಗಿದಳು. ನಾನು ಶರಬತ್ತು ಹಿಡಿದು ಬಿಸಿಲಲ್ಲೇ ನಿಂತೆ. ಅವಳು ಹೇಳಿದ್ದು ನಿಜ. ಇನ್ನೂರು ಜನರ ಕಣ್ಣೀರು ನನಗೆ ಲೆಕ್ಕಕ್ಕೇ ಇರಲಿಲ್ಲ, ಮೂರನೆಯ ಸಾಲಿನಲ್ಲಿದ್ದ ಅವಳ ಕಣ್ಣು ಒದ್ದೆಯಾಗುತ್ತದೋ ಇಲ್ಲವೋ ಎಂಬುದೇ ಲೆಕ್ಕ. ಯೇಸುವಿನ ಸಾವಿನ ಬಗ್ಗೆ ಮಾತಾಡುವಾಗಲೂ ನನ್ನ ಮನಸ್ಸಿನಲ್ಲಿ ಇದ್ದವಳು ಅವಳೇ. ಆ ನಲವತ್ತು ದಿನ ನಾನು ದೇವರ ಹೆಸರಿಗಿಂತ ಹೆಚ್ಚು ಸಲ ನೆನೆದದ್ದು ಎಸ್ತೇರಳ ಹೆಸರನ್ನು. ಊರಿಗೆಲ್ಲ ಕಲ್ಲು ಕಟ್ಟಿಗೆ ತೋರಿಸಿಕೊಂಡು ತಿರುಗಿದವನು ನಾನು. ನನಗೆ ನಾಚಿಕೆಯಾಯಿತು, ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಶನಿವಾರ ಮುಂಜಾನೆ ಅಂಗಡಿ ತೆರೆಯುವ ಮುಂಚೆ ಪಾಸ್ಟರ್ ಮನೆಗೆ ಹೋದೆ. ಅವರು ಬೆತ್ತದ ಕುರ್ಚಿ ಹೊರಗೆ ಹಾಕಿಕೊಂಡು ಈಸ್ಟರಿನ ಪ್ರಸಂಗ ಬರೆಯುತ್ತಿದ್ದರು.

"ಮುಂದಿನ ವರ್ಷ ಐದನೇ ಮಾತು ನನಗ ಬ್ಯಾಡ್ರಿ," ಅಂದೆ.

ಅವರು ಕನ್ನಡಕ ತೆಗೆದರು. "ಯಾಕ್ರಿ? ನಿನ್ನಿ ಅಷ್ಟು ಚಲೋ ಹೇಳೀರಿ. ಮತ್ತ ಯಾರಿಗೆ ಕೊಡ್ಲಿ?"

ಬಿಸಿಲು ಆಗಲೇ ಹೊಸ್ತಿಲು ದಾಟಿತ್ತು. ನಾನು ಎಸ್ತೇರಳ ಹೆಸರು ಹೇಳಿದೆ. ಹೇಳುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು.